ಕಾರ್ಖಾನೆ ಕಸದ ಖಾತೆ: ಪರೇಲ್‌ನ ಗಿರಣಿಗಳಿಂದ ತೋರಣಗಲ್ಲಿನವರೆಗೆ

ನೂರು ಕಿಲೋ ಅರಳೆ ನೂಲಿನ ಗಿರಣಿಯೊಳಗೆ ಹೋದರೆ ನೂರು ಕಿಲೋ ನೂಲು ಹೊರಬರುವುದಿಲ್ಲ. ಸಾಧಾರಣ ಕಾರ್ಡೆಡ್ ನೂಲಾದರೆ ಸುಮಾರು 85ರಿಂದ 88 ಕಿಲೋ ಕೈಗೆ ಸಿಗುತ್ತದೆ. ನಯವಾದ ಕೋಂಬ್ಡ್ ನೂಲಾದರೆ 70 ಕಿಲೋ ದಾಟಿದರೆ ಹೆಚ್ಚು. ಉಳಿದದ್ದು ಗಿರಣಿಯ ಭಾಷೆಯಲ್ಲಿ ‘ವೇಸ್ಟ್’. ಅದರಲ್ಲಿ ನೆಲಕ್ಕೆ ಬಿದ್ದದ್ದು ಎಷ್ಟು, ಯಂತ್ರದ ಹಲ್ಲಿಗೆ ಸಿಕ್ಕಿದ್ದು ಎಷ್ಟು, ಗಾಳಿಗೆ ಹಾರಿದ್ದು ಎಷ್ಟು, ಮಾರಿದ್ದು ಎಷ್ಟು ಎಂಬ ಲೆಕ್ಕವನ್ನು ಮುಂಬೈಯ ಬಟ್ಟೆ ಗಿರಣಿಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಪಾಳಿಪಾಳಿಗೆ ಬರೆದಿಟ್ಟವು. ಇಂದು ದೊಡ್ಡ ಕಂಪನಿಗಳ ವಾರ್ಷಿಕ ವರದಿಗಳಲ್ಲಿ ‘ತ್ಯಾಜ್ಯ ಉತ್ಪತ್ತಿ’, ‘ಮರುಬಳಕೆ ಪ್ರಮಾಣ’ ಎಂಬ ಹೆಸರಿನಲ್ಲಿ ಅಚ್ಚಾಗುವ ಕೋಷ್ಟಕಗಳ ಗುಣವೂ ದೋಷವೂ ಆ ಹಳೆಯ ಖಾತೆಯಲ್ಲೇ ಇದ್ದವು.

ಪರೇಲ್, ಲೋವರ್ ಪರೇಲ್, ಲಾಲ್‌ಬಾಗ್ ಸುತ್ತಿನ ಪ್ರದೇಶಕ್ಕೆ ಮರಾಠಿಯಲ್ಲಿ ಗಿರಣಗಾಂವ್ ಎಂದೇ ಹೆಸರು. ಕಾವಸ್‌ಜಿ ದಾವರ್ 1854ರಲ್ಲಿ ಸ್ಥಾಪಿಸಿದ ಮೊದಲ ನೂಲಿನ ಗಿರಣಿ ಇದ್ದದ್ದು ತಾರ್‌ದೇವ್‌ನಲ್ಲಿ. ಮುಂದಿನ ದಶಕಗಳಲ್ಲಿ ಗಿರಣಿಗಳು ಉತ್ತರಕ್ಕೆ, ಆಗ ಊರಾಚೆ ಎನಿಸಿದ್ದ ಪರೇಲ್ ಕಡೆಗೆ ಹಬ್ಬಿದವು. ಸಸೂನ್ ಮನೆತನದ ಒಡೆತನದಲ್ಲಿದ್ದು ಮುಂದೆ ಇಂಡಿಯಾ ಯುನೈಟೆಡ್ ಮಿಲ್ಸ್ ಎಂದು ಹೆಸರಾದ ಸಮೂಹ, ಫೀನಿಕ್ಸ್, ಕಮಲಾ, ಬಾಂಬೆ ಡೈಯಿಂಗ್ ಇವೆಲ್ಲ ಈ ಸುತ್ತಿನವೇ. ನೂಲುವುದು, ನೇಯುವುದು, ಬಿಳುಪು ಮಾಡುವುದು, ಬಣ್ಣ ಹಾಕುವುದು ಒಂದೇ ಆವರಣದಲ್ಲಿ ನಡೆಯುತ್ತಿದ್ದುದರಿಂದ ಪ್ರತಿ ಹಂತದ ಕಸವೂ ಅಲ್ಲೇ ಗುಡ್ಡೆಯಾಗುತ್ತಿತ್ತು.

ಕಸ ಹುಟ್ಟುವ ಕ್ರಮ ಹೀಗಿದೆ. ಅರಳೆಯ ಬೇಲ್ ಬಿಚ್ಚಿದಾಗಲೇ ಗೋಣಿತಟ್ಟು, ಕಬ್ಬಿಣದ ಪಟ್ಟಿ ಬೇರೆಯಾಗುತ್ತವೆ. ಬ್ಲೋ ರೂಮಿನಲ್ಲಿ ಅರಳೆಯನ್ನು ಬಡಿದು ಬಿಡಿಸುವಾಗ ಬೀಜದ ಚೂರು, ಎಲೆಪುಡಿ, ಮಣ್ಣು ಮತ್ತು ಅವುಗಳಿಗೆ ಅಂಟಿಕೊಂಡ ಒಂದಿಷ್ಟು ಎಳೆ ಕೆಳಗೆ ಉದುರುತ್ತವೆ. ಕಾರ್ಡಿಂಗ್ ಯಂತ್ರದಲ್ಲಿ ಸೂಜಿಹಲ್ಲುಗಳ ನಡುವೆ ಗಿಡ್ಡ ಎಳೆಗಳ ಪಟ್ಟಿ ಉಳಿಯುತ್ತದೆ. ಅದಕ್ಕೆ ಫ್ಲ್ಯಾಟ್ ಸ್ಟ್ರಿಪ್ ಎನ್ನುತ್ತಾರೆ. ಉತ್ತಮ ದರ್ಜೆಯ ನೂಲಿಗಾಗಿ ಕೋಂಬರ್ ಯಂತ್ರ ಬೇಕೆಂದೇ ಗಿಡ್ಡ ಎಳೆಗಳನ್ನು ಬಾಚಿ ತೆಗೆಯುತ್ತದೆ. ಈ ‘ನಾಯಿಲ್’ ಒಳಬಂದ ಅರಳೆಯ ಶೇ. 12ರಿಂದ 18ರವರೆಗೂ ಇರಬಹುದು. ಸ್ಪಿನ್ನಿಂಗ್ ಸಾಲಿನಲ್ಲಿ ಎಳೆ ತುಂಡಾದಾಗ ಹೀರುಕೊಳವೆ ಸೆಳೆದುಕೊಳ್ಳುವ ಮೆತ್ತನೆಯ ಅರಳೆ ಶುದ್ಧವಾಗಿರುತ್ತದೆ, ಅದು ನೇರವಾಗಿ ಬ್ಲೋ ರೂಮಿಗೆ ಮರಳುತ್ತದೆ. ಒಮ್ಮೆ ಹುರಿ ಬಿದ್ದ ನೂಲಿನ ತುಂಡುಗಳು ಮಾತ್ರ ಹಿಂದಕ್ಕೆ ಹೋಗಲಾರವು. ಅವು ‘ಹಾರ್ಡ್ ವೇಸ್ಟ್’.

ಇವುಗಳಲ್ಲಿ ಗಿರಣಿ ನಿಜಕ್ಕೂ ಎಸೆಯುತ್ತಿದ್ದುದು ತೀರ ಸ್ವಲ್ಪ. ಫ್ಲ್ಯಾಟ್ ಸ್ಟ್ರಿಪ್‌ನಿಂದ ದಪ್ಪ ನೂಲು ತೆಗೆದು ಕಂಬಳಿ, ಜಮಖಾನ ನೇಯುತ್ತಾರೆ. ಬ್ಲೋ ರೂಮಿನ ಉದುರನ್ನು ಮತ್ತೆ ಬಡಿದು ಉಳಿದ ಎಳೆಯನ್ನು ಹಾಸಿಗೆ, ದಿಂಬಿಗೆ ತುಂಬುತ್ತಾರೆ. ಕೋಂಬರ್ ನಾಯಿಲ್‌ಗೆ ಬೇಡಿಕೆ ಎಷ್ಟೆಂದರೆ ಅದನ್ನು ಕಸ ಎನ್ನುವುದೇ ಕಷ್ಟ: ಆಸ್ಪತ್ರೆಯ ಹತ್ತಿ ಅದರಿಂದ ಆಗುತ್ತದೆ, ಓಪನ್ ಎಂಡ್ ನೂಲು ಆಗುತ್ತದೆ, ನೋಟಿನ ಕಾಗದವೂ ಆಗುತ್ತದೆ. ಭಾರತದ ಬ್ಯಾಂಕ್ ನೋಟಿನ ಕಾಗದ ಮರದ ತಿರುಳಿನದಲ್ಲ, ಪೂರ್ತಿ ಹತ್ತಿಯದು. ಮೈಸೂರಿನ ಬ್ಯಾಂಕ್ ನೋಟ್ ಪೇಪರ್ ಮಿಲ್‌ನಂಥ ಕಾರ್ಖಾನೆಗಳಿಗೆ ನೂಲಿನ ಗಿರಣಿಗಳ ಈ ಗಿಡ್ಡ ಎಳೆಯೇ ಕಚ್ಚಾವಸ್ತು. ಒಂದು ಕಾರ್ಖಾನೆ ಬೇಡವೆಂದು ಬಾಚಿ ಹಾಕಿದ್ದು ಇನ್ನೊಂದರಲ್ಲಿ ಐನೂರರ ನೋಟಾಗುತ್ತದೆ.

ಹಾರ್ಡ್ ವೇಸ್ಟ್‌ಗೆ ಗಿರಾಕಿ ಹುಡುಕಲು ಪರೇಲ್ ಬಿಟ್ಟು ಹೋಗಬೇಕಿರಲಿಲ್ಲ. ಎಂಜಿನು, ಬೋಗಿಗಳ ದುರಸ್ತಿಯ ಎರಡು ದೊಡ್ಡ ರೈಲ್ವೆ ಕಾರ್ಯಾಗಾರಗಳು 19ನೇ ಶತಮಾನದ ಉತ್ತರಾರ್ಧದಲ್ಲೇ ಪರೇಲ್ ಮತ್ತು ಲೋವರ್ ಪರೇಲ್‌ನಲ್ಲಿ ತಲೆಯೆತ್ತಿದ್ದವು. ಎಣ್ಣೆ, ಗ್ರೀಸು ಒರೆಸಲು ಸಿಕ್ಕುಸಿಕ್ಕಾದ ನೂಲಿನ ಉಂಡೆಗಿಂತ ಉತ್ತಮ ವಸ್ತು ಇಲ್ಲ. ಕರ್ನಾಟಕದ ಯಾವ ಊರಿನ ಗ್ಯಾರೇಜಿನಲ್ಲೂ ಮೆಕ್ಯಾನಿಕ್ ಇಂದಿಗೂ ಕೇಳುವ ‘ಕಾಟನ್ ವೇಸ್ಟ್’ ಇದೇ.

ಕೊನೆಯಲ್ಲಿ ಉಳಿಯುವುದು ಧೂಳು. ವಿಲ್ಲೋ ಎಂಬ ಯಂತ್ರದಲ್ಲಿ ಕಸವನ್ನು ಕೊಡವಿ ಎಳೆ ತೆಗೆದ ಮೇಲೆ ಉಳಿಯುವ ಕಪ್ಪು ಪುಡಿಗೆ ಯಾರೂ ಕಾಸು ಕೊಡುತ್ತಿರಲಿಲ್ಲ. ಪರೇಲ್‌ಗೆ ಸಮೀಪದ ಮಾಟುಂಗಾದಲ್ಲಿ 1924ರಿಂದ ಇರುವ ಹತ್ತಿ ತಂತ್ರಜ್ಞಾನ ಸಂಶೋಧನಾಲಯ, ಈಗಿನ ಸಿರ್ಕಾಟ್, ಈ ಪುಡಿಯಿಂದ ಜೈವಿಕ ಅನಿಲ ತೆಗೆಯುವ ವಿಧಾನವನ್ನು ರೂಪಿಸಿತು. ಸಗಣಿ ಬೆರೆಸಿ ಕೊಳೆಯಿಸಿದರೆ ಅನಿಲ, ಅನಿಲ ಹೋದ ಮೇಲೆ ಉಳಿದದ್ದು ಗೊಬ್ಬರ.

ಗಿರಣಿಗಳು ಇಷ್ಟು ಕಟ್ಟುನಿಟ್ಟಾಗಿ ಕಸ ತೂಗಿದ್ದು ಪರಿಸರದ ಮೇಲಿನ ಮಮತೆಯಿಂದಲ್ಲ. ನೂಲಿನ ಒಟ್ಟು ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಅರಳೆಯದೇ. ಹಾಗಿರುವಾಗ ವೇಸ್ಟ್ ಶೇ. 1ರಷ್ಟು ಇಳಿದರೂ ಲಾಭದ ಅಂಕಣದಲ್ಲಿ ಅದು ಕಾಣುತ್ತಿತ್ತು. ವಿಭಾಗವಾರು ಚೀಲ, ಚೀಲಕ್ಕೊಂದು ತೂಕ, ತೂಕಕ್ಕೆ ಮೇಲ್ವಿಚಾರಕ ಹೊಣೆ. ಮಾನದಂಡ ಮೀರಿದರೆ ಯಂತ್ರದ ಅಂತರ ಸರಿಯಿಲ್ಲವೋ, ಅರಳೆಯ ದರ್ಜೆ ಕೆಟ್ಟಿದೆಯೋ, ಗಾಳಿಯ ತೇವ ಇಳಿದಿದೆಯೋ ಎಂದು ಹುಡುಕುತ್ತಿದ್ದರು. 1954ರಲ್ಲಿ ಹುಟ್ಟಿ ಘಾಟ್‌ಕೋಪರ್‌ನಲ್ಲಿ ನೆಲೆಗೊಂಡ ಬಾಂಬೆ ಟೆಕ್ಸ್‌ಟೈಲ್ ರಿಸರ್ಚ್ ಅಸೋಸಿಯೇಷನ್, ಅಹಮದಾಬಾದಿನ ಅಟೀರಾ, ಕೊಯಮತ್ತೂರಿನ ಸಿಟ್ರಾ ಸಂಸ್ಥೆಗಳು ಗಿರಣಿಗಳ ಅಂಕಿಗಳನ್ನು ಹೋಲಿಸಿ, ಯಾವ ಹಂತದಲ್ಲಿ ಎಷ್ಟು ನಷ್ಟ ಸಹಜ ಎಂಬ ಮಾನದಂಡಗಳನ್ನು ಕೊಟ್ಟವು. ತನ್ನ ಅಂಕಿಯನ್ನು ಪಕ್ಕದ ಗಿರಣಿಯದರ ಎದುರಿಟ್ಟು ನೋಡುವ ಈ ಪದ್ಧತಿಗೆ ಇಂದಿನ ಅನೇಕ ಉದ್ಯಮಗಳು ಇನ್ನೂ ತಲುಪಿಲ್ಲ.

ಆ ಖಾತೆಯಲ್ಲಿ ಒಂದು ವಿಚಿತ್ರ ಸಾಲು ಇರುತ್ತಿತ್ತು: ‘ಇನ್‌ವಿಸಿಬಲ್ ಲಾಸ್’, ಕಾಣದ ನಷ್ಟ. ಒಳಗೆ ಬಂದ ಅರಳೆಯ ತೂಕದಿಂದ ನೂಲನ್ನೂ ಎಲ್ಲ ಬಗೆಯ ವೇಸ್ಟನ್ನೂ ಕಳೆದ ಮೇಲೆ ಲೆಕ್ಕಕ್ಕೆ ಸಿಗದೆ ಉಳಿಯುವ ಅಂಕಿ ಅದು. ಅದರಲ್ಲಿ ಬಹುಪಾಲು ಆರಿಹೋದ ತೇವ. ಉಳಿದದ್ದು ಗಾಳಿಗೆ ಹಾರಿದ ಸಣ್ಣ ನಾರು, ಧೂಳು. ಖಾತೆಯ ಮಟ್ಟಿಗೆ ಅದು ಶೇ. 1ರ ಆಸುಪಾಸಿನ ಸಣ್ಣ ಸಂಖ್ಯೆ. ಬ್ಲೋ ರೂಮು, ಕಾರ್ಡಿಂಗ್ ವಿಭಾಗಗಳ ಕಾರ್ಮಿಕರಿಗೆ ಅದು ಎದೆಯ ಕಾಯಿಲೆ. ಹತ್ತಿಯ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಬರುವ ಬಿಸಿನೋಸಿಸ್‌ನ ಮೊದಲ ಲಕ್ಷಣ ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ಎದೆ ಬಿಗಿಯುವುದು. ಮುಂದೆ ಅದು ಎಲ್ಲ ದಿನಗಳಿಗೂ ಹರಡಿ ಶ್ವಾಸಕೋಶವನ್ನು ಶಾಶ್ವತವಾಗಿ ಕುಂದಿಸುತ್ತದೆ. ಪರೇಲ್‌ನಲ್ಲೇ 1926ರಲ್ಲಿ ಆರಂಭವಾದ ಕೆಇಎಂ ಆಸ್ಪತ್ರೆಯ ವೈದ್ಯರು ಮುಂಬೈಯ ಗಿರಣಿ ಕಾರ್ಮಿಕರಲ್ಲಿ ಈ ರೋಗವನ್ನು ಅಧ್ಯಯನ ಮಾಡಿದ್ದಾರೆ. ಕಾಣದ ನಷ್ಟದ ಒಂದು ಪಾಲು ಎಲ್ಲಿಗೆ ಹೋಗುತ್ತಿತ್ತು ಎಂಬುದು ಗಿರಣಿಯ ಖಾತೆಯಲ್ಲಿ ಅಲ್ಲ, ಆಸ್ಪತ್ರೆಯ ಕಡತದಲ್ಲಿ ದಾಖಲಾಯಿತು.

ಬೆಲೆ ಇಲ್ಲದ ಬೇರೆ ಕಸಗಳ ಕತೆಯೂ ಹೀಗೆಯೇ. ಬಾಯ್ಲರುಗಳು ಕಲ್ಲಿದ್ದಲು ಉರಿಸಿ ಬೂದಿ ಉಳಿಸುತ್ತಿದ್ದವು, ಚಿಮಣಿಗಳು ಮಸಿ ಉಗುಳುತ್ತಿದ್ದವು. ಮುಂಬೈಯಲ್ಲಿ ಹೊಗೆಯ ಉಪದ್ರವಕ್ಕೆಂದೇ 1912ರಲ್ಲಿ ಪ್ರತ್ಯೇಕ ಕಾಯ್ದೆ ತರಬೇಕಾಯಿತು. 1915ರಲ್ಲಿ ಟಾಟಾ ಕಂಪನಿಯ ಖೋಪೋಲಿ ಜಲವಿದ್ಯುತ್ ಮುಂಬೈಯ ಗಿರಣಿಗಳಿಗೆ ಹರಿಯತೊಡಗಿ, ಒಂದೊಂದಾಗಿ ಗಿರಣಿಗಳು ಉಗಿ ಎಂಜಿನ್ ಬಿಟ್ಟು ವಿದ್ಯುತ್ ಮೋಟಾರಿಗೆ ಬದಲಾದಾಗ ಕಲ್ಲಿದ್ದಲಿನ ಬಳಕೆ ತಗ್ಗಿತು. ಬೂದಿಯನ್ನು ಮರುಬಳಸುವುದಕ್ಕಿಂತ ಬೂದಿಯೇ ಹುಟ್ಟದಂತೆ ಮಾಡುವುದು ಮೇಲು ಎಂಬುದಕ್ಕೆ ಇದು ಹಳೆಯ ಉದಾಹರಣೆ. ಘಟಪ್ರಭೆಯ ನೀರಿನ ಬಲದ ಮೇಲೆಯೇ 1880ರ ದಶಕದಲ್ಲಿ ಶುರುವಾದ ಗೋಕಾಕ್ ಫಾಲ್ಸ್ ಗಿರಣಿ ಇನ್ನೂ ಹಳೆಯದು.

ಬಣ್ಣದ ವಿಭಾಗದಲ್ಲಿ ಬೆಲೆಯ ಗೆರೆ ಇನ್ನಷ್ಟು ಸ್ಪಷ್ಟ. ಬಟ್ಟೆಗೆ ಹೊಳಪು ಕೊಡುವ ಮರ್ಸರೈಸಿಂಗ್‌ಗೆ ಬಳಸುವ ಕಾಸ್ಟಿಕ್ ಸೋಡಾ ದುಬಾರಿ. ಆದ್ದರಿಂದ ಅದರ ತೊಳೆನೀರನ್ನು ಕುದಿಸಿ ಗಟ್ಟಿಮಾಡಿ ಮತ್ತೆ ಬಳಸುವುದು ಗಿರಣಿಗಳಲ್ಲಿ ರೂಢಿಯಾಯಿತು. ಅದೇ ಆವರಣದಲ್ಲಿ ಗಂಜಿ ತೊಳೆದ ನೀರು, ಬಣ್ಣದ ತೊಟ್ಟಿಯ ನೀರು ಚರಂಡಿ ಹಿಡಿದು ಸಮುದ್ರ ಸೇರಿತು. ಅದರಲ್ಲಿ ಮರಳಿ ಪಡೆಯಲು ಯೋಗ್ಯವಾದದ್ದು ಏನೂ ಇಲ್ಲವೆಂದು ಭಾವಿಸಿದ್ದರು; ಅದಕ್ಕೆ ಅಳತೆಯೂ ಇರಲಿಲ್ಲ. ಮಹಾರಾಷ್ಟ್ರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಬಂದದ್ದು 1970ರಲ್ಲಿ, ದೇಶಕ್ಕೆ ಜಲಮಾಲಿನ್ಯ ಕಾಯ್ದೆ ಬಂದದ್ದು 1974ರಲ್ಲಿ. ಅಷ್ಟರಲ್ಲಿ ಪರೇಲ್‌ನ ಗಿರಣಿಗಳಿಗೆ ವಯಸ್ಸಾಗಿತ್ತು.

1982ರ ಜನವರಿ 18ರಂದು ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರ ಶುರುವಾಯಿತು. ಅದರ ನಂತರ ಅನೇಕ ಗಿರಣಿಗಳು ಮೊದಲಿನಂತೆ ನಡೆಯಲೇ ಇಲ್ಲ. ಗಿರಣಿ ಭೂಮಿಯ ಮೂರನೇ ಒಂದರಷ್ಟು ನಗರಪಾಲಿಕೆಗೆ, ಇನ್ನೊಂದು ಪಾಲು ಸಾರ್ವಜನಿಕ ವಸತಿಗೆ ಎಂದಿದ್ದ 1991ರ ನಿಯಮವನ್ನು 2001ರಲ್ಲಿ ಸಡಿಲಿಸಿದ ಮೇಲೆ, ಆ ಸಡಿಲಿಕೆಯನ್ನು ಸುಪ್ರೀಂ ಕೋರ್ಟ್ 2006ರಲ್ಲಿ ಎತ್ತಿಹಿಡಿದ ಮೇಲೆ, ಮಗ್ಗಗಳು ಟನ್ನುಗಟ್ಟಲೆ ಗುಜರಿಯಾಗಿ ಹೋದವು; ಚಿಮಣಿ, ಕಲ್ಲುಗೋಡೆಗಳು ಕೆಡವಿದ ಮಣ್ಣಾದವು. ಆ ಜಾಗದಲ್ಲಿ ಈಗ ಮಾಲ್, ವಸತಿ ಗೋಪುರ, ಕಂಪನಿಗಳ ಕೇಂದ್ರ ಕಚೇರಿ. ಲೋವರ್ ಪರೇಲ್‌ನಲ್ಲಿ ಇಂದು ವಸ್ತು ತಯಾರಾಗುವುದು ಕಡಿಮೆ. ಬೇರೆಲ್ಲೋ ತಯಾರಾದ ವಸ್ತುವಿನ, ಬೇರೆಲ್ಲೋ ಬಿದ್ದ ಕಸದ ಲೆಕ್ಕ ಮಾತ್ರ ಇಂಥ ಕಚೇರಿಗಳಲ್ಲೇ ಕೂಡಿಕೆಯಾಗುತ್ತದೆ.

ಆ ಲೆಕ್ಕಕ್ಕೆ ಈಗ ಕಾನೂನಿನ ಚೌಕಟ್ಟಿದೆ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2021ರಲ್ಲಿ ಬಿಆರ್‌ಎಸ್‌ಆರ್ ಎಂಬ ವರದಿ ಮಾದರಿಯನ್ನು ಪ್ರಕಟಿಸಿತು. 2022–23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರ ಸ್ಥಾನದಲ್ಲಿರುವ ಕಂಪನಿಗಳಿಗೆ ಅದು ಕಡ್ಡಾಯ. ಅದರ ಆರನೇ ತತ್ವ ಪರಿಸರದ್ದು. ಪ್ಲಾಸ್ಟಿಕ್, ಇ-ತ್ಯಾಜ್ಯ, ಆಸ್ಪತ್ರೆ ತ್ಯಾಜ್ಯ, ಕಟ್ಟಡ ತ್ಯಾಜ್ಯ, ಬ್ಯಾಟರಿ, ವಿಕಿರಣ ತ್ಯಾಜ್ಯ, ಇತರ ಅಪಾಯಕಾರಿ, ಇತರ ಅಪಾಯಕಾರಿಯಲ್ಲದ ತ್ಯಾಜ್ಯ ಎಂದು ಟನ್ನುಗಳಲ್ಲಿ ಬರೆಯಬೇಕು. ಅದರಲ್ಲಿ ಎಷ್ಟು ಮರುಬಳಕೆಯಾಯಿತು, ಎಷ್ಟನ್ನು ಸುಡಲಾಯಿತು, ಎಷ್ಟನ್ನು ನೆಲಭರ್ತಿಗೆ ಹಾಕಲಾಯಿತು ಎಂಬುದೂ ಬೇಕು. ಹಿಂದಿನ ವರ್ಷದ ಅಂಕಿಯನ್ನು ಪಕ್ಕದಲ್ಲೇ ಕೊಡಬೇಕು. ಓದುಗನ ದೃಷ್ಟಿಯಿಂದ ನೋಡಿದರೆ ಇಡೀ ವರದಿಯಲ್ಲಿ ಬಣ್ಣದ ಚಿತ್ರಗಳಿಲ್ಲದ ಈ ಪುಟವೇ ಹೆಚ್ಚು ಉಪಯುಕ್ತ.

ಆದರೂ ಅದನ್ನು ಓದುವಾಗ ಎಚ್ಚರ ಬೇಕು. ಮೊದಲನೆಯ ತೊಡಕು ಶೇಕಡಾವಾರಿನದು. ಊಹೆಯ ಕಾರ್ಖಾನೆಯೊಂದರಲ್ಲಿ ವರ್ಷಕ್ಕೆ 1,000 ಟನ್ ಕಸ ಹುಟ್ಟಿ 950 ಟನ್ ಮರುಬಳಕೆಗೆ ಹೋದರೆ ಸಾಧನೆ ಶೇ. 95. ಮರುವರ್ಷ ಕಸ 1,400 ಟನ್ನಿಗೇರಿ, ಮರುಬಳಕೆ 1,344 ಟನ್ ಆದರೆ ಸಾಧನೆ ಶೇ. 96. ವರದಿಯ ಮುಖಪುಟದಲ್ಲಿ ಇದು ಪ್ರಗತಿ. ನೆಲಭರ್ತಿಗೆ ಬಿದ್ದ ಕಸ ಮಾತ್ರ 50 ಟನ್ನಿನಿಂದ 56ಕ್ಕೆ ಏರಿದೆ. ಆದಾಯದ ಪ್ರತಿ ರೂಪಾಯಿಗೆ ಎಷ್ಟು ಕಸ ಎಂಬ ಇನ್ನೊಂದು ಅಳತೆಯಲ್ಲೂ ಸಂದು ಇದೆ: ಸರಕಿನ ಬೆಲೆ ಏರಿಸಿದರೆ ಸಾಕು, ಒಂದು ಕಿಲೋ ಕಸ ಕಡಿಮೆಯಾಗದಿದ್ದರೂ ಅಂಕಿ ಸುಧಾರಿಸುತ್ತದೆ. ಸೆಬಿ 2023ರಲ್ಲಿ ತಂದ ಬಿಆರ್‌ಎಸ್‌ಆರ್ ಕೋರ್ ಎಂಬ ಆಯ್ದ ಸೂಚಕಗಳ ಪಟ್ಟಿ ಉತ್ಪನ್ನದ ಪ್ರಮಾಣಕ್ಕೆ ತಕ್ಕಂತೆಯೂ ಕಸದ ಅಳತೆ ಕೇಳುವುದು ಇದೇ ಕಾರಣಕ್ಕೆ. ಹತ್ತಿ ಗಿರಣಿಯವರು ಮೊದಲಿನಿಂದಲೂ ಬಳಸಿದ್ದು ಪ್ರಮಾಣಕ್ಕೆ ತಕ್ಕ ಈ ಬಗೆಯ ಅಳತೆಯನ್ನೇ. ಅರಳೆಯ ದರ ಏನೇ ಇರಲಿ, ನೂರು ಕಿಲೋಗೆ ಎಷ್ಟು ನೂಲು ಎಂಬುದು ಅವರ ಪ್ರಶ್ನೆಯಾಗಿತ್ತು.

ಎರಡನೆಯದು, ಮಾರಿದ್ದೆಲ್ಲ ಮರುಬಳಕೆಯಲ್ಲ. ಕಾರ್ಖಾನೆಯ ಗೇಟಿನಿಂದ ಲಾರಿ ಹೊರಟ ಕೂಡಲೇ ಅದರಲ್ಲಿದ್ದದ್ದು ‘ಮರುಬಳಕೆಯಾಯಿತು’ ಎಂದು ಖಾತೆಯಲ್ಲಿ ನಮೂದಾಗುತ್ತದೆ. ಆ ಲಾರಿ ಗುಜರಿ ವ್ಯಾಪಾರಿಯ ಕೈ ದಾಟಿ ಧಾರಾವಿಯ ‘ತೇರಾ ಕಂಪೌಂಡ್’ ಸೇರಿದರೆ ಅಲ್ಲಿ ಪ್ಲಾಸ್ಟಿಕನ್ನು ಬಣ್ಣ, ಜಾತಿ ನೋಡಿ ವಿಂಗಡಿಸಿ, ಪುಡಿಮಾಡಿ, ತೊಳೆದು, ಕರಗಿಸಿ ಗುಳಿಗೆಯಾಗಿಸುತ್ತಾರೆ. ಪ್ರತಿ ಹಂತದಲ್ಲೂ ಒಂದಿಷ್ಟು ನಷ್ಟವಾಗುತ್ತದೆ. ತೊಳೆದ ನೀರು ಚರಂಡಿಗೆ, ಕರಗಿಸಿದ ಹೊಗೆ ಕೆಲಸಗಾರರ ಮೂಗಿಗೆ. ಆ ನಷ್ಟ ಕಂಪನಿಯ ಕೋಷ್ಟಕಕ್ಕೆ ಮರಳಿ ಬರುವುದಿಲ್ಲ. ಅಲ್ಲಿ ‘ಕಾಣದ ನಷ್ಟ’ ಎಂಬ ಸಾಲೂ ಇಲ್ಲ.

ಮೂರನೆಯದು ತೂಕದ ಪ್ರಶ್ನೆ. ಇದಕ್ಕೆ ಕರ್ನಾಟಕದಲ್ಲೇ ತಕ್ಕ ಉದಾಹರಣೆಯಿದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿರುವ ಜೆಎಸ್‌ಡಬ್ಲ್ಯು ಉಕ್ಕು ಕಾರ್ಖಾನೆ ದೇಶದ ಅತಿದೊಡ್ಡ ಉಕ್ಕು ಸ್ಥಾವರಗಳಲ್ಲಿ ಒಂದು. ಅದರ ಕಂಪನಿಯ ಕೇಂದ್ರ ಕಚೇರಿ ಮುಂಬೈಯಲ್ಲಿದೆ. ಭಾರತದ ಅದಿರು, ಕಲ್ಲಿದ್ದಲು ಬಳಸುವ ಊದುಕುಲುಮೆಯಲ್ಲಿ ಒಂದು ಟನ್ ಕಬ್ಬಿಣಕ್ಕೆ ಸುಮಾರು 300ರಿಂದ 400 ಕಿಲೋ ಕಿಟ್ಟ ಬರುತ್ತದೆ. ಕಬ್ಬಿಣವನ್ನು ಉಕ್ಕಾಗಿಸುವಾಗ ಸುಮಾರು 150ರಿಂದ 200 ಕಿಲೋ ಬೇರೆ ಬಗೆಯ ಕಿಟ್ಟ. ಲಕ್ಷಾಂತರ ಟನ್ ತೂಗುವ ಈ ಒಂದು ವಸ್ತುವೇ ಇಡೀ ಕಾರ್ಖಾನೆಯ ಮರುಬಳಕೆ ಅಂಕಿಯನ್ನು ತೀರ್ಮಾನಿಸುತ್ತದೆ.

ಊದುಕುಲುಮೆಯ ಕಿಟ್ಟಕ್ಕೆ ಬೆಲೆಯಿದೆ. ಕೆಂಪಗೆ ಕರಗಿರುವಾಗಲೇ ರಭಸದ ನೀರು ಹಾಯಿಸಿದರೆ ಅದು ಮರಳಿನಂತೆ ಪುಡಿಯಾಗುತ್ತದೆ. ಅರೆದರೆ ಸಿಮೆಂಟಿನ ಗುಣ ಬರುತ್ತದೆ. ಕುಲುಮೆಗಳ ಹತ್ತಿರವೇ ಸಿಮೆಂಟ್ ಘಟಕಗಳು ಏಳುವುದು ಅದಕ್ಕೇ, ತೋರಣಗಲ್ಲಿನಲ್ಲಿಯೂ ಹಾಗೆಯೇ ಆಗಿದೆ. ನದಿಮರಳಿನ ಬದಲಿಗೆ ಕಿಟ್ಟದ ಮರಳನ್ನೂ ಅಲ್ಲಿಂದ ಮಾರುತ್ತಾರೆ. ಉಕ್ಕಿನ ಕಿಟ್ಟ ಮಾತ್ರ ಹಟಮಾರಿ. ಅದರೊಳಗೆ ಉಳಿದ ಸುಣ್ಣ ನೀರು ತಗುಲಿದಾಗ ಹಿಗ್ಗುತ್ತದೆ. ಹಾಗೇ ರಸ್ತೆಗೆ ಹಾಕಿದರೆ ರಸ್ತೆ ಉಬ್ಬಿ ಬಿರಿಯುತ್ತದೆ. ತಿಂಗಳುಗಟ್ಟಲೆ ಬಯಲಲ್ಲಿ ಹಾಕಿ ಹದಮಾಡಬೇಕು, ಇಲ್ಲವೇ ಹಬೆ ಹಾಯಿಸಬೇಕು. ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆಯ ನೆರವಿನಿಂದ 2022ರಲ್ಲಿ ಸೂರತ್ ಬಳಿಯ ಹಜೀರಾದಲ್ಲಿ ಸಂಸ್ಕರಿಸಿದ ಉಕ್ಕಿನ ಕಿಟ್ಟದಿಂದಲೇ ಆರು ಪಥದ ಒಂದು ಕಿಲೋಮೀಟರ್ ರಸ್ತೆ ಮಾಡಿ ತೋರಿಸಿದರು. ಒಂದು ಉಕ್ಕು ಕಂಪನಿಯ ಮರುಬಳಕೆ ಶೇ. 90 ದಾಟಿದೆ ಎಂದಾಗ ಕೇಳಬೇಕಾದ ಪ್ರಶ್ನೆ: ಉಕ್ಕಿನ ಕಿಟ್ಟ ಎಲ್ಲಿಗೆ ಹೋಯಿತು? ಕಿಟ್ಟವನ್ನು ‘ತ್ಯಾಜ್ಯ’ ಎಂಬ ಪಟ್ಟಿಯಿಂದಲೇ ತೆಗೆದು ‘ಉಪ ಉತ್ಪನ್ನ’ ಎಂದು ಬರೆದರೆ ಅಂಕಿ ಮತ್ತೆ ಪೂರ್ತಿ ಬೇರೆಯಾಗುತ್ತದೆ. ಎರಡೂ ಬರವಣಿಗೆ ಸುಳ್ಳಲ್ಲ, ಆದರೆ ಹಾಗೆ ಬರೆದ ಎರಡು ಕಂಪನಿಗಳನ್ನು ಹೋಲಿಸುವುದು ವ್ಯರ್ಥ.

ತೂಕದಲ್ಲಿ ಹಗುರ, ಅಪಾಯದಲ್ಲಿ ಭಾರ ಎಂಬ ಇನ್ನೊಂದು ವರ್ಗವಿದೆ. ರೈಲ್ವೆ ಕಾರ್ಯಾಗಾರದ ಕಾಟನ್ ವೇಸ್ಟನ್ನೇ ನೋಡಬಹುದು. ಒಣಗಿದ್ದಾಗ ಅದು ಕಾಸು ಕೊಟ್ಟು ಕೊಳ್ಳುವ ಸರಕು. ಎಣ್ಣೆ ಹೀರಿದ ಮರುಕ್ಷಣ, 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯ ಪ್ರಕಾರ, ಅಪಾಯಕಾರಿ ತ್ಯಾಜ್ಯ. ಬಳಸಿದ ಎಂಜಿನ್ ಎಣ್ಣೆ, ರಾಸಾಯನಿಕ ಅಂಟಿದ ಡ್ರಮ್ಮು, ಶುದ್ಧೀಕರಣ ಘಟಕದ ಕೆಸರು ಇವೂ ಅದೇ ಪಟ್ಟಿಯಲ್ಲಿವೆ. ಇಂಥವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸಾಗಿಸುವ ಪ್ರತಿ ಲಾರಿಗೂ ಕಳಿಸಿದವರು, ಒಯ್ದವರು, ಪಡೆದವರು ಸಹಿ ಮಾಡಿದ ಪತ್ರ ಇರಬೇಕು. ಪ್ರತಿ ವರ್ಷ ಜೂನ್ 30ರೊಳಗೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲೆಕ್ಕ ಒಪ್ಪಿಸಬೇಕು. ಮುಂಬೈ ಸುತ್ತಿನ ಇಂಥ ತ್ಯಾಜ್ಯ ತಳೋಜಾದ ಸಾಮೂಹಿಕ ಘಟಕಕ್ಕೆ ಹೋದರೆ, ಬೆಂಗಳೂರು ಸುತ್ತಿನದು ದಾಬಸ್‌ಪೇಟೆಗೆ ಹೋಗುತ್ತದೆ.

ಇತ್ತೀಚೆಗೆ ಇದರ ಒಂದು ಪಾಲು ಸಿಮೆಂಟ್ ಗೂಡುಗಳತ್ತ ತಿರುಗಿದೆ. ಕಲಬುರಗಿ ಜಿಲ್ಲೆಯ ವಾಡಿಯಂಥ ಕಡೆ 1,400 ಡಿಗ್ರಿ ದಾಟುವ ಗೂಡಿನಲ್ಲಿ ಎಣ್ಣೆಬಟ್ಟೆ, ಬಣ್ಣದ ಕೆಸರು ಇಂಧನವಾಗುತ್ತವೆ, ಬೂದಿಯೂ ಸಿಮೆಂಟಿನೊಳಗೆ ಸೇರಿಬಿಡುತ್ತದೆ. ನೆಲದಲ್ಲಿ ಹೂಳುವುದಕ್ಕಿಂತ ಇದು ಮೇಲು. ಆದರೆ ಉರಿದುಹೋದ ವಸ್ತು ಮತ್ತೊಮ್ಮೆ ವಸ್ತುವಾಗುವುದಿಲ್ಲ. ‘ನೆಲಭರ್ತಿಗೆ ಶೂನ್ಯ ತ್ಯಾಜ್ಯ’ ಎಂಬ ಫಲಕ ಹೊತ್ತ ಕಾರ್ಖಾನೆಯ ಕೋಷ್ಟಕದಲ್ಲಿ ಸುಟ್ಟದ್ದು ಎಷ್ಟು ಎಂಬ ಸಾಲನ್ನು ಬಿಡದೆ ನೋಡಬೇಕಾದದ್ದು ಇದರಿಂದಲೇ.

ಇಷ್ಟೆಲ್ಲ ಕಾರ್ಖಾನೆಯ ಕಾಂಪೌಂಡಿನೊಳಗಿನ ಕಸ. ಮಾರಾಟವಾದ ಸರಕು ಮುಂದೆ ಕಸವಾಗುವುದು ಯಾರ ಖಾತೆಗೆ? ಪರೇಲ್‌ನ ಗಿರಣಿಗಳಿಗೆ ಈ ಪ್ರಶ್ನೆ ಎದುರಾಗಿರಲಿಲ್ಲ. ಹಳೆಯ ಸೀರೆ, ಶರ್ಟುಗಳನ್ನು ಪಡೆದು ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಮನೆಮನೆಗೆ ಬಂದು ಗಿರಣಿಯ ಪರವಾಗಿ ಆ ಕೆಲಸವನ್ನು ಸಂಬಳವಿಲ್ಲದೆ ಮಾಡಿಬಿಡುತ್ತಿದ್ದರು. ಪ್ಲಾಸ್ಟಿಕ್ ಪೊಟ್ಟಣಕ್ಕೆ ಅಂಥ ಗಿರಾಕಿ ಇಲ್ಲ. ಆದ್ದರಿಂದ 2022ರ ಫೆಬ್ರವರಿಯ ಮಾರ್ಗಸೂಚಿ ಆ ಹೊಣೆಯನ್ನು ತಯಾರಕರು, ಆಮದುದಾರರು ಮತ್ತು ಬ್ರ್ಯಾಂಡ್ ಒಡೆಯರ ಮೇಲೆ ಹೊರಿಸಿತು. ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ ಹೊದಿಕೆಯನ್ನು ತೂಕಕ್ಕೆ ತೂಕ ಸಂಗ್ರಹಿಸಿ ಸಂಸ್ಕರಿಸಬೇಕು. ಗಡುಸು ಪ್ಲಾಸ್ಟಿಕ್ ಹೊದಿಕೆಯಲ್ಲಿ 2025–26ರಿಂದ ಶೇ. 30ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಇರಬೇಕು, 2028–29ಕ್ಕೆ ಅದು ಶೇ. 60 ಆಗಬೇಕು.

ಕಂಪನಿಗಳು ಈ ಕೆಲಸವನ್ನು ತಾವೇ ಮಾಡಬೇಕಿಲ್ಲ. ನೋಂದಾಯಿತ ಮರುಬಳಕೆ ಘಟಕಗಳು ಸಂಸ್ಕರಿಸಿದ ತೂಕಕ್ಕೆ ಪ್ರಮಾಣಪತ್ರ ಹೊರಡಿಸುತ್ತವೆ, ಕಂಪನಿಗಳು ಅದನ್ನು ಕೊಳ್ಳುತ್ತವೆ. ಹೀಗೆ ಬೆಲೆಯಿಲ್ಲದ ಕಸಕ್ಕೆ ಕಾಗದದ ಮೂಲಕ ಬೆಲೆ ಕಟ್ಟಿದಂತಾಯಿತು. ಹಣ ಇರುವಲ್ಲಿ ನಡೆಯುವುದು ಇಲ್ಲೂ ನಡೆಯಿತು: 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿ ಗುಜರಾತ್, ಮಹಾರಾಷ್ಟ್ರ, ಕರ್ನಾಟಕಗಳ ನಾಲ್ಕು ಘಟಕಗಳಿಂದಲೇ ಸುಮಾರು ಆರು ಲಕ್ಷ ನಕಲಿ ಪ್ರಮಾಣಪತ್ರಗಳು ಹೊರಟಿದ್ದುದು ಬೆಳಕಿಗೆ ಬಂತು. ಘಟಕದ ಯಂತ್ರಗಳ ಸಾಮರ್ಥ್ಯ, ವಿದ್ಯುತ್ ಬಿಲ್ಲು, ಒಳಬಂದ ಮತ್ತು ಹೊರಹೋದ ಸರಕಿನ ತೂಕ ಇವನ್ನು ಒಂದಕ್ಕೊಂದು ತಾಳೆ ನೋಡಿದರೆ ಇಂಥ ಪತ್ರ ಹೆಚ್ಚು ಕಾಲ ನಿಲ್ಲದು. ಗಿರಣಿಯ ಮೇಲ್ವಿಚಾರಕನಿಗೆ ಅರಳೆ ಎಷ್ಟು ಬಂತು, ನೂಲು ಎಷ್ಟಾಯಿತು ಎಂದು ಪ್ರತಿ ಪಾಳಿಯಲ್ಲೂ ಕೇಳುತ್ತಿದ್ದರು. ಮರುಬಳಕೆ ಘಟಕಗಳನ್ನು ಸದ್ಯಕ್ಕೆ ಹಾಗೆ ಕೇಳುವುದು ತಪಾಸಣೆ ನಡೆದಾಗ ಮಾತ್ರ.